ಮೋರಿ ಕುಸಿದದ್ದನ್ನು ತೋರಿಸಿದ ಹುಡುಗನಿಗೆ ನೋಟಿಸ್: ನಮ್ಮ ಪಂಚಾಯ್ತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಪಿಡಿಒ ಅವರಿಗೆ ಮತ್ತು ಎಲ್ಲ ಸದಸ್ಯರಿಗೆ ನಮಸ್ಕಾರ.

ಪಂಚಾಯ್ತಿ ಹೆಸರು ಬರೆಯುವುದಿಲ್ಲ. ಮೂಡಿಗೆರೆ ತಾಲ್ಲೂಕಿನದು ಅಂತ ಮಾತ್ರ ಹೇಳುತ್ತೇನೆ, ನಿಮಗೆ ಗೊತ್ತಾಗುತ್ತೆ. ಓದುವ ಬೇರೆ ಊರಿನವರಿಗೂ ಇದು ತಮ್ಮ ಪಂಚಾಯ್ತಿಯದೇ ಕಥೆ ಅನ್ನಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ಆಗಿದ್ದು ಇಷ್ಟು. ಬೇಸಿಗೆಯಲ್ಲಿ ಕಟ್ಟಿದ ಮೋರಿ ಮಳೆಗಾಲ ಸರಿಯಾಗಿ ಹಿಡಿಯುವ ಮೊದಲೇ ಕುಸಿದು ಹಳ್ಳಕ್ಕೆ ಬಿತ್ತು. ಪಿಕಪ್ ಹೋಗುತ್ತಿಲ್ಲ, ಶಾಲೆ ಮಕ್ಕಳು ಯಾರದೋ ತೋಟದ ಒಳಗೆ ಜಾರಿಕೊಂಡು ಸುತ್ತಿ ಬರುತ್ತಿದ್ದಾರೆ. ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುವ ನಮ್ಮೂರಿನ ಹುಡುಗ ರಜಕ್ಕೆ ಬಂದವನು ಅದರ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೇಳಿದ್ದು ಮೂರೇ ಮಾತು: ಇದಕ್ಕೆ ಎಷ್ಟು ಖರ್ಚಾಯ್ತು, ಬಿಲ್ ಪಾಸ್ ಮಾಡಿದ್ದು ಯಾರು, ಪಂಚಾಯ್ತಿಯವರು ಕಣ್ಣು ಮುಚ್ಚಿಕೊಂಡಿದ್ರಾ? ನೀವು ಅವನಿಗೆ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿ ನೋಟಿಸ್ ಕಳಿಸಿದಿರಿ. ಪಂಚಾಯ್ತಿಯ ಘನತೆಗೆ ಧಕ್ಕೆ ತಂದಿದ್ದೀಯ, ಮೂರು ದಿನದಲ್ಲಿ ಕ್ಷಮಾಪಣೆ ಬರೆದುಕೊಡು, ವಿಡಿಯೋ ತೆಗೆ, ಇಲ್ಲದಿದ್ದರೆ ಮಾನಹಾನಿ ಮತ್ತು ಐಟಿ ಕಾಯ್ದೆಯ 66ಎ ಪ್ರಕಾರ ಪೊಲೀಸ್ ದೂರು ಅಂತ. ಗ್ರೂಪಿನ ಅಡ್ಮಿನ್ ಆಗಿರುವ ಅಂಗಡಿಯವರಿಗೂ ಅದೇ ನೋಟಿಸಿನ ಒಂದು ಪ್ರತಿ.

ಹುಡುಗನ ತಾಯಿ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚಿಕ್ಕಮಗಳೂರು ಕೋರ್ಟಿನಲ್ಲಿ ವಕೀಲಿ ಮಾಡುವವನು, ನಿಮ್ಮದೇ ಪಂಚಾಯ್ತಿಯ ಮತದಾರ ನಾನು. ನೋಟಿಸಿಗೆ ನೋಟಿಸ್ ಕೊಟ್ಟು ಮುಗಿಸಬಹುದಿತ್ತು. ಆದರೆ ನೀವು ಹೆದರಿಸಿದ್ದು ಒಬ್ಬ ಹುಡುಗನನ್ನಾದರೂ ಬಾಯಿ ಮುಚ್ಚಿಕೊಂಡಿದ್ದು ಇಡೀ ಗ್ರೂಪು. ಹಾಗಾಗಿ ಉತ್ತರ ಎಲ್ಲರ ಮುಂದೆಯೇ ಕೊಡುತ್ತಿದ್ದೇನೆ.

ಮೊದಲು 66ಎ ಮುಗಿಸಿಬಿಡೋಣ. ಇಂಟರ್ನೆಟ್, ಮೊಬೈಲಿನಲ್ಲಿ ಕಳಿಸಿದ ಮಾತಿಗೆ ಶಿಕ್ಷೆ ಕೊಡುತ್ತಿದ್ದ ಆ ಸೆಕ್ಷನ್ ಈಗ ಇಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪೂರ್ತಿಯಾಗಿ ರದ್ದು ಮಾಡಿತು. 'ಕಿರಿಕಿರಿ', 'ಅನನುಕೂಲ' ಇಂಥ ಪದ ಹಿಡಿದುಕೊಂಡು ಯಾರನ್ನು ಬೇಕಾದರೂ ಒಳಗೆ ಹಾಕಬಹುದಿತ್ತು, ಅದೇ ಅದರ ತೊಂದರೆ. ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ 2012ರಲ್ಲಿ ಪಾಲ್ಘರ್‌ನಲ್ಲಿ ಪೊಲೀಸರು ಬಂಧಿಸಿದ್ದು ಈ ಪ್ರಕರಣ ಶುರುವಾಗಲು ಒಂದು ಕಾರಣ. ರದ್ದಾದ ಮೇಲೂ ಅದೇ ಸೆಕ್ಷನ್‌ನಲ್ಲಿ ಕೇಸು ಹಾಕುತ್ತಿದ್ದಾರೆ ಎಂದು ಗೊತ್ತಾಗಿ 2021ರಲ್ಲಿ ಸುಪ್ರೀಂ ಕೋರ್ಟೇ ದಂಗಾಯಿತು. 2022ರ ಅಕ್ಟೋಬರ್‌ನಲ್ಲಿ, ಇನ್ನು ಮುಂದೆ ಯಾರ ಮೇಲೂ ಇದರಡಿ ಕೇಸು ನಡೆಸಬಾರದು ಎಂದು ಮತ್ತೆ ಆದೇಶ ಮಾಡಬೇಕಾಯಿತು. ಸತ್ತವರ ಹೆಸರಲ್ಲಿ ರೇಷನ್ ಎತ್ತಿದ ಹಾಗೆ ನೀವು ಆ ಸೆಕ್ಷನ್ ಹೆಸರಲ್ಲಿ ಇನ್ನೂ ನೋಟಿಸ್ ಕೊಡುತ್ತಿದ್ದೀರಿ. ಯಾವುದೋ ಹಳೇ ನಮೂನೆಯಿಂದ ನಕಲು ಮಾಡಿದ್ದಿರಬೇಕು ಅಂದುಕೊಳ್ಳುತ್ತೇನೆ. ಗೊತ್ತಿದ್ದೂ ಹಾಕಿದ್ದರೆ ಇನ್ನೂ ಕೆಟ್ಟದ್ದು.

ಈಗ ಮುಖ್ಯ ವಿಷಯ.

ಸಂವಿಧಾನದ 19(1)(ಎ) ಎಲ್ಲ ನಾಗರಿಕರಿಗೂ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. ಇದು ಸರ್ಕಾರದ ವಿರುದ್ಧ ಸಿಗುವ ಹಕ್ಕು. 'ಸರ್ಕಾರ ಅಂದರೆ ಬೆಂಗಳೂರು, ದಿಲ್ಲಿ, ನಮಗೇನು' ಅಂತ ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದ್ದರೆ 12ನೇ ವಿಧಿ ಓದಿ. ಅದರ ಪ್ರಕಾರ ಸ್ಥಳೀಯ ಸಂಸ್ಥೆಗಳೂ ಪ್ರಭುತ್ವದ ಭಾಗ. ಅಂದರೆ ನಮ್ಮ ಗ್ರಾಮ ಪಂಚಾಯ್ತಿಯೂ. ಹುಡುಗನ ಹಕ್ಕನ್ನು ಕಾಪಾಡುವ ಹೊಣೆ ದಿಲ್ಲಿಗೆ ಎಷ್ಟಿದೆಯೋ ನಿಮಗೂ ಅಷ್ಟೇ ಇದೆ.

ಹಾಗಾದರೆ ಮಾತಿಗೆ ಮಿತಿಯೇ ಇಲ್ವಾ? ಇದೆ. 19(2)ರಲ್ಲಿ ಬರೆದಿದ್ದಾರೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಎಂಟೇ ಎಂಟು. ಇವುಗಳಿಗೆ ಹೊಸದೊಂದನ್ನು ನಮ್ಮಿಷ್ಟಕ್ಕೆ ಸೇರಿಸಲು ಆಗುವುದಿಲ್ಲ ಎಂದು 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಪಂಚಾಯ್ತಿಗೆ ಮುಜುಗರ ಆಗುವುದು ಈ ಎಂಟರಲ್ಲಿ ಎಲ್ಲಿದೆ, ನೀವೇ ಹುಡುಕಿ ಹೇಳಿ.

ಈ ಪಟ್ಟಿಗೂ ಒಂದು ಇತಿಹಾಸ ಇದೆ. ಕರಡು ಸಂವಿಧಾನದಲ್ಲಿ 'ರಾಜದ್ರೋಹ' ಎನ್ನುವ ಪದವೂ ನಿರ್ಬಂಧದ ಪಟ್ಟಿಯಲ್ಲಿತ್ತು. 1948ರ ಡಿಸೆಂಬರ್‌ನಲ್ಲಿ ಕೆ.ಎಂ. ಮುನ್ಶಿ ಅದನ್ನು ಕೈಬಿಡಬೇಕು ಎಂದು ವಾದಿಸಿದರು, ಸಂವಿಧಾನ ಸಭೆ ಒಪ್ಪಿತು. ಬ್ರಿಟಿಷರ ಕಾಲದಲ್ಲಿ ಅದೇ ಪದಕ್ಕೆ ಜೈಲು ಕಂಡವರ ದೇಶ ಅಲ್ವಾ ಇದು. ಆಮೇಲೆ 1950ರಲ್ಲಿ ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ವಾರಪತ್ರಿಕೆಯನ್ನು ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯಕ್ಕೆ ಬರದಂತೆ ನಿಷೇಧಿಸಿತು. ಸಾರ್ವಜನಿಕ ಸುರಕ್ಷತೆಯ ಕಾರಣ ಕೊಟ್ಟಿತು. ಆ ಕಾರಣ ಪಟ್ಟಿಯಲ್ಲೇ ಇಲ್ಲ ಎಂದು ಸುಪ್ರೀಂ ಕೋರ್ಟ್ ನಿಷೇಧ ರದ್ದು ಮಾಡಿತು. ಸರ್ಕಾರ ಸುಮ್ಮನಿರಲಿಲ್ಲ. 1951ರಲ್ಲಿ ಮೊದಲನೇ ತಿದ್ದುಪಡಿ ತಂದು ಸಾರ್ವಜನಿಕ ಸುವ್ಯವಸ್ಥೆ, ವಿದೇಶಗಳ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಈ ಮೂರನ್ನೂ ಸೇರಿಸಿತು. ನೆಹರೂ ಅವರನ್ನು ಇದಕ್ಕಾಗಿ ಇವತ್ತಿಗೂ ಬೈಯುವವರು ಇದ್ದಾರೆ, ಬೈಯಲು ಕಾರಣವೂ ಇದೆ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಬಂತು. ನಿರ್ಬಂಧ 'ಸಮಂಜಸ' ಆಗಿರಬೇಕು ಅಂತ. ಅಂದಿನಿಂದ ಇಂದಿನವರೆಗೆ ಕೋರ್ಟುಗಳು ಸರ್ಕಾರದ ಕಿವಿ ಹಿಂಡುತ್ತಿರುವುದು ಬಹುಮಟ್ಟಿಗೆ ಆ ಒಂದು ಮಾತಿನಿಂದಲೇ.

ಇನ್ನೊಂದು ಸಂಗತಿಯನ್ನು ಜನ ಗಮನಿಸುವುದಿಲ್ಲ. ನಿರ್ಬಂಧ ಹಾಕಬೇಕಾದ್ದು 'ಕಾನೂನು'. ಶಾಸನಸಭೆ ಮಾಡಿದ ಕಾನೂನು, ಅಥವಾ ಅದರಿಂದ ಅಧಿಕಾರ ಪಡೆದ ನಿಯಮ. ಪಂಚಾಯ್ತಿ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ ಠರಾವು ಅಲ್ಲ. 1986ರ ಬಿಜೊ ಇಮ್ಯಾನುಯೆಲ್ ಪ್ರಕರಣ ನೋಡಿ. ಕೇರಳದ ಮೂವರು ಶಾಲಾ ಮಕ್ಕಳು. ರಾಷ್ಟ್ರಗೀತೆ ಹಾಡುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧರ್ಮ ಒಪ್ಪುವುದಿಲ್ಲ ಎಂದು ಬಾಯಿಬಿಟ್ಟು ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರು ಎರಡು ಮಾತು ಹೇಳಿದರು. ಶಿಕ್ಷಣ ಇಲಾಖೆಯ ಸುತ್ತೋಲೆಗೆ ಕಾನೂನಿನ ಬಲ ಇಲ್ಲ, ಅದರಿಂದ ಮೂಲಭೂತ ಹಕ್ಕನ್ನು ಕಿತ್ತುಕೊಳ್ಳಲು ಆಗದು. ಎರಡನೆಯದು, ಮಾತಾಡುವ ಹಕ್ಕಿನೊಳಗೆ ಮಾತಾಡದೇ ಇರುವ ಹಕ್ಕೂ ಸೇರಿದೆ. ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಆದೇಶವಾಯಿತು.

ಈಗ ನಿಮ್ಮ ನೋಟಿಸಿಗೆ ಬನ್ನಿ. 'ಕ್ಷಮಾಪಣೆ ಬರೆದುಕೊಡು' ಅಂದಿದ್ದೀರಲ್ಲ, ಯಾವ ಕಾಯ್ದೆಯ ಯಾವ ಸೆಕ್ಷನ್ ನಿಮಗೆ ಆ ಅಧಿಕಾರ ಕೊಟ್ಟಿದೆ? 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ನಾನೂ ತಿರುವಿ ಹಾಕಿದ್ದೇನೆ. ಕುಡಿಯುವ ನೀರು, ಬೀದಿದೀಪ, ಚರಂಡಿ, ರಸ್ತೆ, ಕಂದಾಯ ಎಲ್ಲ ಇದೆ. ಊರಿನ ಹುಡುಗರಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವ ಕೆಲಸ ಕಾಣಲಿಲ್ಲ. ಮನಸ್ಸಿಲ್ಲದವನ ಕೈಯಲ್ಲಿ ಬೆದರಿಸಿ ನಾಲ್ಕು ಸಾಲು ಬರೆಸಿದರೆ ಅದು ಅವನ ಮಾತಾಗುವುದಿಲ್ಲ, ನಿಮ್ಮದೇ ಆಗುತ್ತದೆ.

ಮಾನಹಾನಿಯ ವಿಷಯ ಸ್ವಲ್ಪ ಸಿಕ್ಕು. ಮಾನಹಾನಿ ಆ ಎಂಟರಲ್ಲಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಮಾನ ಯಾರದು? 1994ರ ಆರ್. ರಾಜಗೋಪಾಲ್ ಪ್ರಕರಣ ಇದಕ್ಕೆ ಸರಿಯಾಗಿ ಸಿಗುತ್ತದೆ. ತಮಿಳಿನ 'ನಕ್ಕೀರನ್' ಪತ್ರಿಕೆ, ಗಲ್ಲು ಶಿಕ್ಷೆಗೆ ಒಳಗಾದ ಆಟೋ ಶಂಕರ್ ಎಂಬಾತನ ಆತ್ಮಕಥೆ ಪ್ರಕಟಿಸಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ಜೊತೆಗಿನ ಅವನ ಒಡನಾಟದ ವಿವರ ಇತ್ತು. ಪ್ರಕಟಿಸಬೇಡಿ ಎಂದು ಜೈಲು ಇಲಾಖೆಯ ಮೇಲಧಿಕಾರಿಯಿಂದ ಪತ್ರ ಬಂತು. ಅಧಿಕಾರಿಗಳು ಮಾನ ಹೋಗುತ್ತದೆ ಎಂದು ಹೆದರಿ ಪ್ರಕಟಣೆಗೆ ಮೊದಲೇ ತಡೆ ಹಾಕುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಸರ್ಕಾರವಾಗಲಿ, ಸ್ಥಳೀಯ ಸಂಸ್ಥೆಯಾಗಲಿ, ಸರ್ಕಾರಿ ಅಧಿಕಾರ ಚಲಾಯಿಸುವ ಯಾವ ಸಂಸ್ಥೆಯಾಗಲಿ ತನಗೆ ಮಾನಹಾನಿ ಆಯಿತು ಎಂದು ಪರಿಹಾರದ ದಾವೆ ಹೂಡುವಂತಿಲ್ಲ ಎಂದೂ ಹೇಳಿತು. ಸ್ಥಳೀಯ ಸಂಸ್ಥೆ ಎಂದು ಬಿಡಿಸಿಯೇ ಹೇಳಿದೆ. ಅಧಿಕಾರಿಗಳು ವೈಯಕ್ತಿಕವಾಗಿ ದಾವೆ ಹೂಡಿದರೂ, ಅವರ ಕೆಲಸದ ಬಗ್ಗೆ ಬರೆದದ್ದು ಸುಳ್ಳು ಮಾತ್ರ ಆಗಿದ್ದರೆ ಸಾಲದು, ನಿಜವೋ ಸುಳ್ಳೋ ಎಂದು ಲೆಕ್ಕಿಸದೆ ಬರೆದದ್ದು ಎಂದು ತೋರಿಸಬೇಕು.

ಕ್ರಿಮಿನಲ್ ಮಾನಹಾನಿ ಬೇರೆ. ಅದು ಇನ್ನೂ ಬದುಕಿದೆ. 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನನಗೆ ಆ ತೀರ್ಪು ಒಪ್ಪಿಗೆ ಇಲ್ಲ, ಮಾತಿಗೆ ಜೈಲು ಎನ್ನುವುದೇ ಜಾಸ್ತಿ ಆಯಿತು, ಆದರೆ ಕಾನೂನು ಸದ್ಯಕ್ಕೆ ಹಾಗಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಆದರೆ ಇದರಲ್ಲೂ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕಿ ಹುಡುಗನನ್ನು ಎತ್ತಿಕೊಂಡು ಹೋಗುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ ಖಾಸಗಿ ದೂರು ಕೊಡಬೇಕು, ಸಾಕ್ಷಿ ಹೇಳಬೇಕು. ಸಾರ್ವಜನಿಕ ಸೇವಕರ ಕೆಲಸದ ಬಗ್ಗೆ ಪ್ರಾಮಾಣಿಕವಾಗಿ ಅಭಿಪ್ರಾಯ ಹೇಳುವುದು ಮಾನಹಾನಿ ಅಲ್ಲ ಎಂಬ ವಿನಾಯಿತಿ ಅದೇ ಸೆಕ್ಷನ್‌ನಲ್ಲಿದೆ. 1860ರ ಹಳೇ ದಂಡ ಸಂಹಿತೆಯಲ್ಲೇ ಇತ್ತು ಅದು, ಬ್ರಿಟಿಷರೇ ಬರೆದಿಟ್ಟಿದ್ದು. ಬಿಲ್ ಪಾಸ್ ಮಾಡಿದ್ದು ಯಾರು ಎಂದು ಕೇಳುವುದಂತೂ ಅಭಿಪ್ರಾಯ ಕೂಡ ಅಲ್ಲ, ಬರೀ ಪ್ರಶ್ನೆ.

ಸದಸ್ಯರೊಬ್ಬರು ಸಂತೆಯಲ್ಲಿ ಸಿಕ್ಕಾಗ ಇನ್ನೊಂದು ವಾದ ಹೂಡಿದರು. 'ವಕೀಲ್ರೇ, ಹಿಂಗೆ ವಿಡಿಯೋ ಹಾಕ್ತಾ ಹೋದ್ರೆ ಊರಲ್ಲಿ ಗಲಾಟೆ ಆಗುತ್ತೆ, ಶಾಂತಿ ಕೆಡುತ್ತೆ.' ಮೋರಿ ಕೆಟ್ಟಿದೆ ಅಂದರೆ ಶಾಂತಿ ಯಾಕೆ ಕೆಡುತ್ತದೋ ನನಗೆ ಹೊಳೆಯಲಿಲ್ಲ. ಆದರೂ ಈ ವಾದಕ್ಕೂ ಕೋರ್ಟು ಹಿಂದೆಯೇ ಉತ್ತರ ಕೊಟ್ಟಿದೆ, ಅದೂ ರೈತರ ವಿಷಯದಲ್ಲಿ. ಉತ್ತರ ಪ್ರದೇಶದಲ್ಲಿ ನೀರಾವರಿ ದರ ಏರಿಸಿದಾಗ ಏರಿಸಿದ ದರ ಕಟ್ಟಬೇಡಿ ಎಂದು ರಾಮಮನೋಹರ ಲೋಹಿಯಾ ರೈತರಿಗೆ ಹೇಳಿದರು. ಹಾಗೆ ಹೇಳಿದ್ದಕ್ಕೇ ಕೇಸು. 1960ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ಸೆಕ್ಷನ್ನನ್ನೇ ರದ್ದು ಮಾಡಿತು. ಮಾತಿಗೂ ಗಲಭೆಗೂ ನೇರ, ಹತ್ತಿರದ ಸಂಬಂಧ ಇರಬೇಕು, ಎಲ್ಲಿಂದಲೋ ಎಲ್ಲಿಗೋ ಎಳೆದು ತಂದ ಸಂಬಂಧ ಸಾಲದು ಎಂದಿತು. 1989ರ ರಂಗರಾಜನ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಮೀಸಲಾತಿಯನ್ನು ಟೀಕಿಸಿದ ಒಂದು ತಮಿಳು ಸಿನಿಮಾಕ್ಕೆ ವಿರೋಧ ಇತ್ತು. ಗಲಾಟೆ ಆಗುತ್ತೆ ಎಂದು ಸರ್ಕಾರ ವಾದಿಸಿತು. ಯಾರೋ ಗಲಾಟೆ ಮಾಡುತ್ತೇವೆ ಎಂದು ಬೆದರಿಸಿದ ಕಾರಣಕ್ಕೆ ಮಾತಾಡುವವನ ಬಾಯಿ ಮುಚ್ಚಿಸುವುದು ಸರ್ಕಾರದ ಕೆಲಸ ಅಲ್ಲ, ಮಾತಾಡುವವನನ್ನು ಕಾಪಾಡುವುದು ಅದರ ಕೆಲಸ ಎಂದಿತು ಕೋರ್ಟು. ಮಾತು ಅಪಾಯ ಆಗಬೇಕಾದರೆ ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ಹತ್ತಿರದ ಅಪಾಯ ಆಗಿರಬೇಕು ಎಂಬ ಮಾತು ಬಂದಿದ್ದು ಆ ತೀರ್ಪಿನಲ್ಲೇ. ಮೊನ್ನೆ ಮೊನ್ನೆ, 2025ರ ಮಾರ್ಚ್‌ನಲ್ಲಿ, ಸಂಸದ ಇಮ್ರಾನ್ ಪ್ರತಾಪಗಢಿ ಅವರ ಮೇಲೆ ಒಂದು ಕವಿತೆಯ ಕಾರಣಕ್ಕೆ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರ್ ರದ್ದಾಯಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ಧೈರ್ಯವಂತ ಜನರ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಬೆಚ್ಚಿ ಬೀಳುವವರ ಅಳತೆಯಲ್ಲಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿತು. ಇಂಥ ದೂರು ಬಂದಾಗ ಪೊಲೀಸರು, ಶಿಕ್ಷೆ ಮೂರರಿಂದ ಏಳು ವರ್ಷದೊಳಗಿನ ಅಪರಾಧವಾದರೆ, ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡುವುದು ಯಾವಾಗಲೂ ಒಳ್ಳೆಯದು ಎಂದೂ ಅದರಲ್ಲಿದೆ. ನಮ್ಮ ಠಾಣೆಯವರೂ ಇದನ್ನು ಓದಲಿ.

ಹಾಗಂತ ಏನು ಬೇಕಾದರೂ ಮಾತಾಡಬಹುದು ಎಂದು ನಾನು ಹೇಳುತ್ತಿಲ್ಲ. ಆ ವಿಡಿಯೋದ ಕೆಳಗೆ ಇಬ್ಬರು, ಮೋರಿ ಕಟ್ಟಿದ ಕಂಟ್ರಾಕ್ಟರನ ಜಾತಿ ಎತ್ತಿ ಹೊಲಸಾಗಿ ಬರೆದರು. 'ಇವರ ಜಾತಿಯೇ ಹಿಂಗೆ' ಎನ್ನುವ ಧಾಟಿ. ಒಬ್ಬರಂತೂ ಆ ಮನೆ ಮುಂದೆ ಹೋಗಿ ಬುದ್ಧಿ ಕಲಿಸೋಣ ಬನ್ನಿ ಎಂದು ಕರೆದರು. ಅಂಗಡಿಯವರು ಎರಡನ್ನೂ ಅಳಿಸಿ, ಬರೆದವರನ್ನು ಗ್ರೂಪಿನಿಂದ ತೆಗೆದರು. ಒಳ್ಳೆ ಕೆಲಸ ಮಾಡಿದರು. ಮಿತಿ ಎನ್ನುವುದು ಅಲ್ಲಿದೆ ನೋಡಿ. ವಿಚಾರ ಹೇಳುವುದು ಬೇರೆ, ವಾದಿಸುವುದು ಬೇರೆ, ಪ್ರಚೋದಿಸುವುದು ಬೇರೆ, ಮೂರನೆಯ ಹಂತಕ್ಕೆ ಹೋದಾಗ ಮಾತ್ರ ಕಾನೂನು ಕೈ ಹಾಕಬಹುದು ಎಂದು ಶ್ರೇಯಾ ಸಿಂಘಲ್ ತೀರ್ಪು ಗೆರೆ ಎಳೆದಿದೆ. ಜನರ ನಡುವೆ ದ್ವೇಷ ಹುಟ್ಟಿಸುವುದಕ್ಕೆ ನ್ಯಾಯ ಸಂಹಿತೆಯಲ್ಲಿ 196ನೇ ಸೆಕ್ಷನ್ ಇದೆ, ಸಂದರ್ಭ ನೋಡಿ ಅನ್ವಯಿಸುತ್ತದೋ ಇಲ್ಲವೋ ಕೋರ್ಟು ಹೇಳುತ್ತದೆ. ಆಶ್ಚರ್ಯ ಏನೆಂದರೆ ಆ ಇಬ್ಬರಿಗೆ ನಿಮ್ಮಿಂದ ಒಂದು ಚೀಟಿಯೂ ಹೋಗಿಲ್ಲ. ಜಾತಿ ಬೈದವನಿಗೆ ಮಾಫಿ, ಲೆಕ್ಕ ಕೇಳಿದವನಿಗೆ ನೋಟಿಸ್!

ಹುಡುಗನಿಗೂ ಒಂದು ಮಾತು ಹೇಳಿದ್ದೇನೆ. ಇನ್ನೊಂದು ವಿಡಿಯೋ ಮಾಡಿ ಇಂಥ ಎಂಜಿನಿಯರ್ ಇಷ್ಟು ತಿಂದ ಎಂದು ಹೆಸರು ಹಿಡಿದು ಹೇಳಬೇಕು ಎಂದಿದ್ದ. ದಾಖಲೆ ಇದ್ಯಾ ಎಂದು ಕೇಳಿದೆ. ಇಲ್ಲ ಅಂದ. ಹಾಗಾದರೆ ಸುಮ್ನಿರು, ಮೊದಲು ಕಾಗದ ತೆಗೆಸು ಅಂದೆ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದಾನೆ: ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ಕೆಲಸ ಮುಗಿದ ಪ್ರಮಾಣಪತ್ರ. ಮೂವತ್ತು ದಿನ ನಿಮ್ಮ ಕೈಯಲ್ಲಿದೆ.

ಅಡ್ಮಿನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸದಸ್ಯರು ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅಡ್ಮಿನ್‌ಗೆ ಇರುವುದು ಜನರನ್ನು ಸೇರಿಸುವ, ತೆಗೆಯುವಂಥ ಅಧಿಕಾರ. ಯಾರು ಏನು ಬರೆಯುತ್ತಾರೆ ಎಂದು ಅವರು ಮೊದಲೇ ಕನಸು ಕಾಣಲು ಆಗುತ್ತಾ?

ನಮ್ಮ ಜಿಲ್ಲೆಗೆ ನಿಷೇಧಾಜ್ಞೆ, ಬಂದೋಬಸ್ತು ಹೊಸದಲ್ಲ. ನಿಜವಾದ ಅಪಾಯ ಇದ್ದಾಗ ಕೆಲವು ದಿನ, ಕೆಲವು ಜಾಗದಲ್ಲಿ ತಡೆ ಹಾಕುವುದನ್ನು ನಾನು ಪೂರ್ತಿ ತಪ್ಪು ಎನ್ನುವುದಿಲ್ಲ. ಆದರೆ ಜಿಲ್ಲಾಡಳಿತವೂ ಕಾರಣ ಬರೆಯಬೇಕು, ಆದೇಶ ಪ್ರಕಟಿಸಬೇಕು. ಸುಪ್ರೀಂ ಕೋರ್ಟಿನ 2020ರ ಅನುರಾಧಾ ಭಾಸಿನ್ ತೀರ್ಪು ಹೇಳಿದ್ದು ಅದನ್ನೇ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಾಕಿದ್ದ 144ನೇ ಸೆಕ್ಷನ್ ಆದೇಶವನ್ನೇ ನಮ್ಮ ಹೈಕೋರ್ಟ್ 2020ರಲ್ಲಿ ಕಾನೂನುಬಾಹಿರ ಎಂದಿದೆ. ಪೊಲೀಸ್ ಕಮಿಷನರ್ ಅಂಥವರೇ ಕಾರಣ ಕೊಡಬೇಕು ಎಂದ ಮೇಲೆ ಒಂದು ಪಂಚಾಯ್ತಿ ಕಾರಣವೇ ಇಲ್ಲದೆ ಬಾಯಿ ಮುಚ್ಚು ಎನ್ನುವುದು ಹೇಗೆ?

ಇನ್ನೊಂದು ಮಾತು, ಇದು ಊರಿನ ಹಿರಿಯರಿಗೆ. ತುರ್ತು ಪರಿಸ್ಥಿತಿಯಲ್ಲಿ 19ನೇ ವಿಧಿಯೇ ಅಮಾನತಾಗಿತ್ತು, ಪತ್ರಿಕೆಗಳು ಸೆನ್ಸಾರ್ ಆಗಿ ಬರುತ್ತಿದ್ದವು. ಆ ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೇ ಬಂದು ಉಪಚುನಾವಣೆಗೆ ನಿಂತರು. ಇಂದಿರಾ ವಿರುದ್ಧ ಜಾರ್ಜ್ ಫರ್ನಾಂಡಿಸ್ ಪ್ರಚಾರ ಮಾಡಿದರು, ಒಂದೇ ಪೇಟೆಯಲ್ಲಿ ಎರಡೂ ಕಡೆಯವರು ಗಂಟಲು ಹರಿಯುವಂತೆ ಬೈದಾಡಿದರು. ಇಂದಿರಾ ಗೆದ್ದರು. ಅದೇ 1978ರಲ್ಲಿ ಸಂಸತ್ತು 44ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, ಯುದ್ಧ ಅಥವಾ ಹೊರಗಿನ ಆಕ್ರಮಣದ ತುರ್ತು ಪರಿಸ್ಥಿತಿಯಲ್ಲಿ ಬಿಟ್ಟರೆ 19ನೇ ವಿಧಿ ತಾನಾಗಿ ಅಮಾನತಾಗುವಂತಿಲ್ಲ ಎಂದು ಮಾಡಿತು. ಪ್ರಧಾನಿಯಾಗಿದ್ದವರನ್ನೇ ಎದುರಿಗೆ ನಿಂತು ಬೈದ ಜಿಲ್ಲೆಯಲ್ಲಿ ಈಗ ಪಂಚಾಯ್ತಿಯನ್ನು ಪ್ರಶ್ನೆ ಕೇಳಲು ಹೆದರಬೇಕಾ? ಇವತ್ತಿಗೂ ಎಲ್ಲ ಪಕ್ಷದವರೂ ಆಜಾದ್ ಪಾರ್ಕ್ ವೃತ್ತದಲ್ಲಿ ನಿಂತು ಸರ್ಕಾರವನ್ನು ಬೈಯುತ್ತಾರೆ. ನಿಮ್ಮಲ್ಲೂ ಕೆಲವರು ಅಲ್ಲಿ ಮೈಕ್ ಹಿಡಿದಿದ್ದನ್ನು ನಾನು ನೋಡಿದ್ದೇನೆ, ಚೆನ್ನಾಗಿಯೇ ಮಾತಾಡಿದಿರಿ. ಆಗ ನಿಮಗೆ ಯಾರೂ ಕ್ಷಮಾಪಣೆ ಪತ್ರ ಕೇಳಲಿಲ್ಲ.

ನಾನು ಕೇಳುವುದು ಇಷ್ಟು. ಹುಡುಗನಿಗೂ ಅಂಗಡಿಯವರಿಗೂ ಕೊಟ್ಟ ನೋಟಿಸ್ ವಾಪಸ್ ತೆಗೆದುಕೊಂಡಿದ್ದೇವೆ ಎಂದು ಅದೇ ಲೆಟರ್‌ಹೆಡ್‌ನಲ್ಲಿ, ಅದೇ ಸೀಲು ಹಾಕಿ ಬರೆದುಕೊಡಿ. ಮುಂದಿನ ಗ್ರಾಮಸಭೆಗೆ ಮೋರಿಯ ಅಳತೆ ಪುಸ್ತಕ ಮತ್ತು ಬಿಲ್ಲು ತನ್ನಿ, ಎಂಜಿನಿಯರನ್ನೂ ಕರೆಸಿ, ಜನ ಕೇಳಿದ್ದಕ್ಕೆ ಅವರೇ ಉತ್ತರ ಕೊಡಲಿ. ಕೆಲಸ ಸರಿಯಾಗಿಯೇ ಆಗಿತ್ತು, ಮಳೆ ಅತಿಯಾಯಿತು ಎನ್ನುವುದಾದರೆ ಅದನ್ನೂ ಹೇಳಲಿ, ಕೇಳುತ್ತೇವೆ. ವಿಡಿಯೋ ತಪ್ಪು ಎನ್ನಿಸಿದರೆ ನೀವೂ ಒಂದು ವಿಡಿಯೋ ಮಾಡಿ ಅದೇ ಗ್ರೂಪಿಗೆ ಹಾಕಿ, ಅಂಗಡಿಯವರು ನಿಮ್ಮನ್ನು ತೆಗೆಯುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ನೋಟಿಸ್ ವಾಪಸ್ ಬರದಿದ್ದರೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕುತ್ತೇವೆ. ಫೀಸು ತೆಗೆದುಕೊಳ್ಳುವುದಿಲ್ಲ ಎಂದು ಹುಡುಗನ ತಾಯಿಗೆ ಹೇಳಿ ಆಗಿದೆ. ಆದರೆ ಪಂಚಾಯ್ತಿ ಕಡೆಯ ವಕೀಲರ ಫೀಸು ಹೋಗುವುದು ನಾವು ಕಟ್ಟಿದ ಕಂದಾಯದಿಂದ, ಆ ದುಡ್ಡಿನಲ್ಲಿ ಮೋರಿಗೆ ಎರಡು ಲೋಡು ಜಲ್ಲಿಯಾದರೂ ಬರುತ್ತೆ. ಯೋಚನೆ ಮಾಡಿ.

ಇಂತಿ,
ನಿಮ್ಮದೇ ಪಂಚಾಯ್ತಿಯ ಒಬ್ಬ ಮತದಾರ, ವಕೀಲ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ